ಕೆಂಬರಲು: ಕೆರೆಯಂಚಿನಲ್ಲೂ ಗುಡಿಯಲ್ಲೂ



ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಯ ಕಡೆ ಮನೆಯಿರುವವರು ಒಂದು ಹಕ್ಕಿಯನ್ನು ನೋಡಿಯೇ ಇರುತ್ತೀರಿ, ಹೆಸರು ಮಾತ್ರ ಗೊತ್ತಿಲ್ಲದಿರಬಹುದು. ಮೈಯೆಲ್ಲ ಬಿಳಿ. ತಲೆ ಮತ್ತು ಕತ್ತಿನ ಮೇಲೆ ಒಂದು ಗರಿಯೂ ಇಲ್ಲ, ಬರಿಯ ಕಪ್ಪು ಚರ್ಮ. ಕಾಲೂ ಕಪ್ಪು. ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದ ಉದ್ದನೆಯ ಕೊಕ್ಕೂ ಕಪ್ಪು. ಮಡಿವಾಳ ಕೆರೆಯ ಅಂಚಿನಲ್ಲಿ, ಪುಟ್ಟೇನಹಳ್ಳಿಯಲ್ಲಿ, ಲಾಲ್‌ಬಾಗ್ ಕೆರೆಯ ಬದಿಯಲ್ಲಿ ಇದು ತಲೆ ತಗ್ಗಿಸಿ ನಡೆಯುತ್ತಿರುತ್ತದೆ. ಬೆಳಗಿನ ನಡಿಗೆಗೆ ಬಂದವರು ‘ಕೊಕ್ಕರೆ’ ಎಂದುಕೊಂಡು ಮುಂದೆ ಹೋಗುತ್ತಾರೆ. ಇದು ಕೊಕ್ಕರೆಯಲ್ಲ, ಬೆಳ್ಳಕ್ಕಿಯೂ ಅಲ್ಲ. ಕನ್ನಡದ ಪಕ್ಷಿವೀಕ್ಷಕರು ಇದನ್ನು ಬಿಳಿ ಕೆಂಬರಲು ಎಂದು ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಐಬಿಸ್.

ಈ ಹಕ್ಕಿಯ ಆಫ್ರಿಕದ ದಾಯಾದಿ ಒಂದು ಕಾಲಕ್ಕೆ ದೇವರಾಗಿತ್ತು. ಅದೂ ಸಣ್ಣ ಪುಟ್ಟ ದೇವರಲ್ಲ. ಪ್ರಾಚೀನ ಈಜಿಪ್ಟಿನಲ್ಲಿ ಬರಹಕ್ಕೆ, ಲೆಕ್ಕಕ್ಕೆ, ಜ್ಞಾನಕ್ಕೆ ಒಡೆಯನಾದ ದೇವರು ಕೆಂಬರಲಿನ ತಲೆ ಹೊತ್ತಿದ್ದ. ಈ ದೇವರ ಕಥೆಗೂ ನಮ್ಮ ಕೆರೆಗಳಿಗೂ ಒಂದು ಗಟ್ಟಿಯಾದ ಸಂಬಂಧವಿದೆ ಎಂದು ನಾನು ನಂಬುತ್ತೇನೆ. ಈ ಹೊತ್ತು ಹೇಳಬೇಕೆಂದಿರುವುದು ಅದನ್ನೇ.

ಮೊದಲು ಹಕ್ಕಿಯನ್ನು ಸರಿಯಾಗಿ ನೋಡೋಣ. ನಮ್ಮ ನಾಡಿನಲ್ಲಿ ಮೂರು ಬಗೆಯ ಕೆಂಬರಲುಗಳಿವೆ. ಬಿಳಿ ಕೆಂಬರಲನ್ನು ಈಗಷ್ಟೆ ವರ್ಣಿಸಿದೆ. ಎರಡನೆಯದು ಕರಿ ಕೆಂಬರಲು: ಮೈ ಕಪ್ಪು, ಹೆಗಲ ಮೇಲೊಂದು ಬಿಳಿ ಪಟ್ಟೆ, ನೆತ್ತಿಯ ಹಿಂದೆ ಕೆಂಪು ಚರ್ಮ. ಅದು ನೀರಿಗಿಂತ ಹೊಲಗದ್ದೆ, ಬಯಲುಗಳನ್ನು ಹೆಚ್ಚು ಇಷ್ಟಪಡುತ್ತದೆ. ಮೂರನೆಯದು ಮಿಂಚು ಕೆಂಬರಲು. ದೂರದಿಂದ ಕಪ್ಪಗೆ ಕಂಡರೂ ಬಿಸಿಲು ಬಿದ್ದಾಗ ಕಂದು, ಹಸಿರು, ನೇರಳೆಯಾಗಿ ಹೊಳೆಯುತ್ತದೆ. ಚಳಿಗಾಲದಲ್ಲಿ ದೊಡ್ಡ ಹಿಂಡುಗಳಲ್ಲಿ ಕೆರೆಗಳಿಗೆ ಇಳಿಯುತ್ತದೆ. ಈಜಿಪ್ಟಿನ ದೇವರಿಗೆ ತೀರ ಹತ್ತಿರದ್ದು ನಮ್ಮ ಬಿಳಿ ಕೆಂಬರಲು. ಆಫ್ರಿಕದ ಪವಿತ್ರ ಕೆಂಬರಲು, ನಮ್ಮ ಬಿಳಿ ಕೆಂಬರಲು, ಆಸ್ಟ್ರೇಲಿಯದ ಬಿಳಿ ಕೆಂಬರಲು, ಈ ಮೂರನ್ನೂ ಹಿಂದೆ ಕೆಲವು ವಿದ್ವಾಂಸರು ಒಂದೇ ಜಾತಿಯೆಂದು ಎಣಿಸಿದ್ದರು. ಮೂರನ್ನೂ ಒಟ್ಟಿಗೆ ನಿಲ್ಲಿಸಿದರೆ ಅಷ್ಟೊಂದು ಹೋಲಿಕೆ. ಆಫ್ರಿಕದ್ದರ ರೆಕ್ಕೆಯ ತುದಿಯಲ್ಲಿ ಕಪ್ಪು ಅಂಚಿದೆ, ನಮ್ಮದರಲ್ಲಿ ಅದಿಲ್ಲ.

ಹಾರುವಾಗ ಇದನ್ನು ಗುರುತಿಸುವುದು ಸುಲಭ. ಬಕ, ಬೆಳ್ಳಕ್ಕಿಗಳು ಕತ್ತನ್ನು ಮಡಚಿ ಹೆಗಲೊಳಗೆ ಸೇರಿಸಿಕೊಂಡು ಹಾರುತ್ತವೆ. ಕೆಂಬರಲು ಕತ್ತನ್ನು ಮುಂದಕ್ಕೆ ನೀಡಿ ಹಾರುತ್ತದೆ. ಸಂಜೆ ಐದಾರು ಹಕ್ಕಿಗಳು ಸಾಲಾಗಿ ಬನಶಂಕರಿಯ ಮೇಲೆ ಸಾಗುವಾಗ ಇದೊಂದು ಗುರುತು ಸಾಕು. ಮರಿ ಮಾಡುವ ಕಾಲದಲ್ಲಿ ರೆಕ್ಕೆಯ ಅಡಿ ಗರಿಯಿಲ್ಲದ ಚರ್ಮ ರಕ್ತಗೆಂಪಾಗುತ್ತದೆ, ಬಾಲದ ಬಳಿ ಬೂದು ಬಣ್ಣದ ನವುರಾದ ಗರಿಗಳು ಇಳಿಬೀಳುತ್ತವೆ. ಗೂಡು ಕಟ್ಟುವುದು ಒಂಟಿಯಾಗಿ ಅಲ್ಲ. ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳ ಜೊತೆ ನೀರಿನ ನಡುವಿನ ಮರಗಳಲ್ಲಿ ಕಡ್ಡಿ ಒಟ್ಟಿ ಅಟ್ಟ ಹಾಕುತ್ತದೆ. ಎರಡರಿಂದ ನಾಲ್ಕು ಮೊಟ್ಟೆ. ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ. ಇದನ್ನು ಕಣ್ಣಾರೆ ನೋಡಬೇಕಾದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋಗಬೇಕು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನ 1940ರಲ್ಲೇ ಅದನ್ನು ಪಕ್ಷಿಧಾಮವೆಂದು ಸಾರಿತು.

ಇನ್ನು ಈ ಹಕ್ಕಿ ಹೊಟ್ಟೆ ಹೊರೆಯುವ ಬಗೆ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಉಳಿದ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಒಂದು ಬಕವನ್ನು ನೋಡಿ. ಅದು ನೀರಿನಲ್ಲಿ ಕದಲದೆ ನಿಲ್ಲುತ್ತದೆ. ಕಣ್ಣಿನಿಂದ ಮೀನನ್ನು ಗುರಿಯಿಟ್ಟು ತಟ್ಟನೆ ಚುಚ್ಚುತ್ತದೆ. ಈಗ ಪಕ್ಕದಲ್ಲೇ ಇರುವ ಕೆಂಬರಲನ್ನು ನೋಡಿ. ಅದು ನಿಲ್ಲುವುದಿಲ್ಲ. ಒಂದೊಂದೇ ಹೆಜ್ಜೆ ಇಡುತ್ತ, ಕೊಕ್ಕಿನ ತುದಿ ಸ್ವಲ್ಪ ತೆರೆದುಕೊಂಡು, ಕೆಸರಿಗೆ ಚುಚ್ಚುತ್ತ, ಎತ್ತುತ್ತ, ಮತ್ತೆ ಚುಚ್ಚುತ್ತ ಹೋಗುತ್ತದೆ. ಕೆಲವೊಮ್ಮೆ ಕಣ್ಣಿನವರೆಗೂ ತಲೆ ನೀರಿನಲ್ಲಿರುತ್ತದೆ. ಬೇಟೆ ಅದಕ್ಕೆ ಕಾಣುವುದೇ ಇಲ್ಲ. ಕದಡಿದ ನೀರಿನಲ್ಲಿ, ಕೆಸರಿನ ಒಳಗೆ, ಕಣ್ಣಿಗೆ ಏನೂ ದೊರೆಯದ ಕಡೆ ಅದು ಕೊಕ್ಕಿನಿಂದ ಮುಟ್ಟಿ ತಿಳಿಯುತ್ತದೆ. ಕೆಂಬರಲುಗಳ ಕೊಕ್ಕಿನ ತುದಿಯ ಮೂಳೆಯಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಅವುಗಳೊಳಗೆ ಅದುರನ್ನು ಗ್ರಹಿಸುವ ನರತಂತುಗಳ ಗಂಟುಗಳಿವೆ. ಕೆಸರಿನಲ್ಲಿ ಹುಳು ಹೊರಳಿದರೆ ಆ ಸಣ್ಣ ಅದುರು ಕೊಕ್ಕಿಗೆ ತಲುಪುತ್ತದೆ. ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಹಡೀಡಾ ಎಂಬ ಅಲ್ಲಿನ ಕೆಂಬರಲಿನ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದಾರೆ. ಮಣ್ಣು ಒದ್ದೆಯಾಗಿದ್ದಷ್ಟೂ ಅದುರು ಚೆನ್ನಾಗಿ ಹರಿಯುತ್ತದೆ, ಹಕ್ಕಿಗೆ ಬೇಟೆ ಬೇಗ ಸಿಗುತ್ತದೆ ಎಂದೂ ಅವರು ಕಂಡುಕೊಂಡರು. ಹುಳು, ಬಸವನಹುಳು, ಕಪ್ಪೆ, ಏಡಿ, ಸಣ್ಣ ಮೀನು, ನೀರಿನ ಕೀಟ, ಎಲ್ಲವೂ ಅದಕ್ಕೆ ಆಹಾರ. ಒಣಗಿ ಗಟ್ಟಿಯಾದ ನೆಲ ಅದಕ್ಕೆ ಬೇಡ, ಆಳದ ನೀರೂ ಬೇಡ. ಬೇಕಾದದ್ದು ಕಾಲಿನ ಅರ್ಧ ಮುಳುಗುವಷ್ಟು ನೀರು, ಅದರ ಕೆಳಗೆ ಮೆತ್ತನೆಯ ಕೆಸರು.

ಈಗ ಈಜಿಪ್ಟಿಗೆ ಹೋಗೋಣ. ನೈಲ್ ನದಿ ಪ್ರತಿ ಬೇಸಿಗೆಯ ಕೊನೆಗೆ ಉಕ್ಕಿ ದಡದ ಹೊಲಗಳನ್ನೆಲ್ಲ ತೋಯಿಸುತ್ತಿತ್ತು. ನೀರು ಇಳಿದಾಗ ಉಳಿಯುತ್ತಿದ್ದುದು ಮೈಲಿಗಟ್ಟಲೆ ಕೆಸರು. ಕೆಂಬರಲಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ರೈತ ಬಿತ್ತನೆಗೆ ಇಳಿಯುವ ಹೊಲದಲ್ಲಿ ಹಕ್ಕಿ ಹುಳುಗಳನ್ನು ಹೆಕ್ಕುತ್ತಿತ್ತು. ನೆರೆ, ಬೆಳೆ, ಹಕ್ಕಿ ಒಟ್ಟಿಗೆ ಬರುತ್ತಿದ್ದ ನಾಡಿನಲ್ಲಿ ಆ ಹಕ್ಕಿಯಲ್ಲಿ ದೈವವನ್ನು ಕಂಡದ್ದು ಸಹಜವೆಂದೇ ನನಗೆ ತೋರುತ್ತದೆ. ಆ ದೇವರ ಹೆಸರು ಥೋತ್. ಚಂದ್ರನೂ ಅವನಿಗೆ ಸೇರಿದವನು; ಬಾಗಿದ ಕೊಕ್ಕಿನಲ್ಲಿ ಬಿದಿಗೆಯ ಚಂದ್ರನನ್ನು ಕಂಡಿರಬಹುದು ಎನ್ನುತ್ತಾರೆ. ತಿಂಗಳು ಎಣಿಸುವವನು, ಲೆಕ್ಕ ಇಡುವವನು, ಬರವಣಿಗೆಯನ್ನು ಮನುಷ್ಯನಿಗೆ ಕೊಟ್ಟವನು ಎಂದು ಅವನನ್ನು ಪೂಜಿಸಿದರು. ಸತ್ತವರ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲೂ ಸತ್ಯದೇವತೆಯ ಗರಿಯನ್ನು ಇನ್ನೊಂದು ತಟ್ಟೆಯಲ್ಲೂ ಇಟ್ಟು ತೂಗುವ ಚಿತ್ರಗಳಿವೆಯಲ್ಲ, ಅಲ್ಲಿ ಲೇಖನಿ ಹಿಡಿದು ತೀರ್ಪನ್ನು ಬರೆದುಕೊಳ್ಳುವವನು ಈ ಕೆಂಬರಲು ತಲೆಯ ಥೋತ್. ನಮ್ಮ ಯಮಲೋಕದ ಚಿತ್ರಗುಪ್ತನನ್ನು ಬಲ್ಲವರಿಗೆ ಆ ಚಿತ್ರ ಅಪರಿಚಿತವೆನಿಸದು.

ನೀರಂಚಿನ ಹಕ್ಕಿಗಳು ನಮ್ಮ ಪುರಾಣಗಳಿಗೂ ಹೊಸಬರಲ್ಲ. ತಮಸಾ ನದಿಯ ದಡದಲ್ಲಿ ಬೇಡನ ಬಾಣಕ್ಕೆ ಬಿದ್ದ ಕ್ರೌಂಚದಿಂದ ರಾಮಾಯಣ ಹುಟ್ಟಿತೆಂದು ಕೇಳುತ್ತ ಬೆಳೆದವರು ನಾವು. ಮಹಾಭಾರತದ ಯಕ್ಷ ಯುಧಿಷ್ಠಿರನಿಗೆ ಮೊದಲು ತಾನೊಂದು ಬಕ ಎಂದೇ ಹೇಳಿಕೊಳ್ಳುತ್ತಾನೆ. ಕೃಷ್ಣನನ್ನು ನುಂಗಲು ಬಂದ ಬಕಾಸುರನಿದ್ದಾನೆ, ಮೀನುಗಳಿಗೆ ಮೋಸ ಮಾಡಿ ಏಡಿಯ ಕೈಗೆ ಸಿಕ್ಕ ಪಂಚತಂತ್ರದ ಬಕವಿದೆ. ಕದಲದೆ ನಿಲ್ಲುವ ಬಕಕ್ಕೆ ನಮ್ಮಲ್ಲಿ ಕಪಟ ತಪಸ್ವಿಯ ಅಪವಾದ ಅಂಟಿತು. ನಿಲ್ಲದೆ ತಡಕುತ್ತ ಹೋಗುವ ಹಕ್ಕಿಗೆ ಈಜಿಪ್ಟಿನಲ್ಲಿ ವಿದ್ವಾಂಸನ ಪದವಿ ದೊರೆಯಿತು. ಕಾಣದ್ದನ್ನು ಸಾಲು ಸಾಲಾಗಿ ತಡಕಿ ಹುಡುಕುವವನೇ ವಿದ್ವಾಂಸನಲ್ಲವೆ? ಈಜಿಪ್ಟಿನವರ ಆಯ್ಕೆ ನನಗೆ ಬಹಳ ಹಿಡಿಸುತ್ತದೆ.

ಆದರೆ ಆ ಭಕ್ತಿಯ ಇನ್ನೊಂದು ಮುಖವನ್ನೂ ಹೇಳಬೇಕು.

ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಈಜಿಪ್ಟಿಗೆ ಹೋಗಿದ್ದ. ಅಲ್ಲಿ ಕೆಂಬರಲನ್ನು ಕೊಂದವನಿಗೆ, ಗೊತ್ತಿಲ್ಲದೆ ಕೊಂದಿದ್ದರೂ, ಮರಣದಂಡನೆ ಎಂದು ಬರೆದಿದ್ದಾನೆ. ಅದೇ ನಾಡಿನ ಮಣ್ಣಿನಡಿ ಸಕ್ಕಾರ ಮತ್ತು ತೂನಾ ಎಲ್ ಗೆಬೆಲ್ ಎಂಬೆಡೆಗಳಲ್ಲಿ ಸುರಂಗಗಳು ಸಿಕ್ಕಿವೆ. ಅವುಗಳ ತುಂಬ ಜೋಡಿಸಿಟ್ಟ ಮಣ್ಣಿನ ಜಾಡಿಗಳು. ಪ್ರತಿಯೊಂದರಲ್ಲಿ ನಾರುಬಟ್ಟೆಯಲ್ಲಿ ಸುತ್ತಿದ ಕೆಂಬರಲಿನ ಮಮ್ಮಿ. ಸಕ್ಕಾರದಲ್ಲಿ ಸುಮಾರು 17 ಲಕ್ಷ, ತೂನಾದಲ್ಲಿ ಸುಮಾರು 40 ಲಕ್ಷ ಎಂದು ಅಂದಾಜು. ಭಕ್ತ ಹರಕೆ ಹೊತ್ತು ಬರುತ್ತಿದ್ದ, ಪೂಜಾರಿಗಳಿಂದ ಒಂದು ಮಮ್ಮಿಯನ್ನು ಕೊಂಡು ದೇವರಿಗೆ ಒಪ್ಪಿಸುತ್ತಿದ್ದ. ಸಕ್ಕಾರದಲ್ಲಿದ್ದ ಹೋರ್ ಎಂಬ ಪೂಜಾರಿ ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಮಡಕೆ ಚೂರುಗಳ ಮೇಲೆ ಬರೆದಿಟ್ಟ ಟಿಪ್ಪಣಿಗಳು ಉಳಿದಿವೆ. ಅವುಗಳಲ್ಲಿ 60,000 ಕೆಂಬರಲುಗಳಿಗೆ ಆಹಾರ ಒದಗಿಸುವ ಮಾತು ಬರುತ್ತದೆ. ಪೂಜೆಯಲ್ಲಿ ಅಕ್ರಮಗಳು ನಡೆದು, ಒಂದು ಜಾಡಿಗೆ ಒಂದೇ ಹಕ್ಕಿ ಎಂಬ ನಿಯಮ ಮಾಡಬೇಕಾಗಿ ಬಂದದ್ದೂ ತಿಳಿಯುತ್ತದೆ. ಇಂದು ಕ್ಷಕಿರಣ ಹಾಯಿಸಿ ನೋಡಿದರೆ ಎಷ್ಟೋ ಕಟ್ಟುಗಳಲ್ಲಿ ಇಡೀ ಹಕ್ಕಿ ಇಲ್ಲ. ಒಂದಿಷ್ಟು ಗರಿ, ಒಂದೆರಡು ಮೂಳೆ, ಕೆಲವೊಮ್ಮೆ ಅದೂ ಇಲ್ಲ. ಆದರೆ ಮನಸ್ಸು ಕರಗುವಂಥವೂ ಇವೆ. ಮುಂದಿನ ಲೋಕದಲ್ಲಿ ಹಕ್ಕಿ ಹಸಿಯಬಾರದೆಂದು ಒಡಲಲ್ಲಿ ಕಾಳು ತುಂಬಿಸಿ ಸುತ್ತಿದ ಮಮ್ಮಿಗಳು ದೊರೆತಿವೆ. ಒಂದರ ಜಠರದಲ್ಲಿ ಅದು ಕೊನೆಯ ಬಾರಿ ನುಂಗಿದ ಬಸವನಹುಳುಗಳು ಇನ್ನೂ ಉಳಿದಿದ್ದವು.

ಇಷ್ಟೊಂದು ಹಕ್ಕಿಗಳನ್ನು ಎಲ್ಲಿಂದ ತಂದರು? ಕೋಳಿ ಸಾಕಿದಂತೆ ಸಾಕಿದರೋ, ಕಾಡಿನಿಂದ ಹಿಡಿದು ತಂದರೋ? 2019ರಲ್ಲಿ ವಿಜ್ಞಾನಿಗಳ ತಂಡವೊಂದು 14 ಮಮ್ಮಿಗಳ ವಂಶವಾಹಿಯನ್ನು ಓದಿ ಪ್ರಕಟಿಸಿತು. ತಲೆತಲಾಂತರ ಒಂದೆಡೆ ಸಾಕಿದ್ದರೆ ಅವು ಒಂದನ್ನೊಂದು ಹೋಲಬೇಕಿತ್ತು. ಹಾಗಿರಲಿಲ್ಲ. ಇಂದಿನ ಕಾಡುಹಕ್ಕಿಗಳಲ್ಲಿ ಇರುವಷ್ಟೇ ವೈವಿಧ್ಯ ಅವುಗಳಲ್ಲೂ ಕಂಡಿತು. ಹೆಚ್ಚಿನವನ್ನು ಜವುಗಿನಿಂದಲೇ ಹಿಡಿದು, ಅಥವಾ ಮೇವು ತೋರಿಸಿ ಗುಡಿಯ ಬಳಿಗೆ ಕರೆದು, ಸ್ವಲ್ಪ ಕಾಲ ಇಟ್ಟುಕೊಂಡಿರಬೇಕು ಎಂದು ಅವರ ತೀರ್ಮಾನ.

ಇದೇ ಮಮ್ಮಿಗಳು ವಿಜ್ಞಾನದ ಚರಿತ್ರೆಯಲ್ಲೂ ಒಮ್ಮೆ ದೊಡ್ಡ ಪಾತ್ರ ವಹಿಸಿದವು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದಾಗ ಜೊತೆಗಿದ್ದ ವಿದ್ವಾಂಸರು ಕೆಂಬರಲಿನ ಮಮ್ಮಿಗಳನ್ನು ಪ್ಯಾರಿಸ್ಸಿಗೆ ತಂದರು. ಜಾರ್ಜ್ ಕುವಿಯೆ ಎಂಬ ಮೂಳೆತಜ್ಞ ಅವನ್ನು ಬಿಚ್ಚಿ, ತನ್ನ ಕಾಲದ ಹಕ್ಕಿಗಳ ಅಸ್ಥಿಯ ಜೊತೆ ಇಟ್ಟು ಅಳೆದ. ಎರಡು ಮೂರು ಸಾವಿರ ವರ್ಷಗಳಲ್ಲಿ ಹಕ್ಕಿ ಕಿಂಚಿತ್ತೂ ಬದಲಾಗಿಲ್ಲ, ಆದ್ದರಿಂದ ಜೀವಜಾತಿಗಳು ಬದಲಾಗುವುದಿಲ್ಲ ಎಂದು ಸಾಧಿಸಿದ. ಅದೇ ಪ್ಯಾರಿಸ್ಸಿನಲ್ಲಿದ್ದ ಜೀವವಿಜ್ಞಾನಿ ಲಾಮಾರ್ಕ್ ಒಪ್ಪಲಿಲ್ಲ. ಈಜಿಪ್ಟಿನ ಹವೆಯೂ ನೆಲವೂ ಬದಲಾಗಿಲ್ಲ, ಹಕ್ಕಿ ಏಕೆ ಬದಲಾಗಬೇಕು, ಭೂಮಿಯ ಆಯುಸ್ಸಿನ ಎದುರು ಮೂರು ಸಾವಿರ ವರ್ಷ ಯಾವ ಲೆಕ್ಕ ಎಂಬುದು ಅವನ ವಾದ. ವಿಕಾಸವಾದವನ್ನು ಸಾರಿದ ಡಾರ್ವಿನ್ನನ ಪುಸ್ತಕ 1859ರಲ್ಲಿ ಬರುವ ಅರ್ಧ ಶತಮಾನಕ್ಕೂ ಮೊದಲು ನಡೆದ ಚರ್ಚೆ ಇದು. ಕಾಲದ ವಿಷಯದಲ್ಲಿ ಲಾಮಾರ್ಕನೇ ಸರಿ ಎಂದು ಈಗ ಎಲ್ಲರೂ ಒಪ್ಪುತ್ತಾರೆ.

ಪೂಜೆ ನಿಂತ ಮೇಲೂ ಹಕ್ಕಿ ಬಹುಕಾಲ ಇತ್ತು. ಈಜಿಪ್ಟಿನಲ್ಲಿ ಪವಿತ್ರ ಕೆಂಬರಲು ಅಳಿದದ್ದು ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ. ಲಕ್ಷಗಟ್ಟಲೆ ಬಲಿಯಾಗುತ್ತಿದ್ದ ಶತಮಾನಗಳನ್ನು ದಾಟಿ ಬಂದ ಹಕ್ಕಿ ಇದು. ಆಗ ಅದನ್ನು ಉಳಿಸಿದ್ದು ದೇವರ ಪಟ್ಟವಲ್ಲ, ನೈಲಿನ ಜವುಗು. ಆ ಜವುಗೇ ಕರಗಿ ಹೊಲವಾಗುತ್ತ ಹೋಯಿತು. ಈಜಿಪ್ಟಿನವರು ಬರೆಯಲು ಬಳಸುತ್ತಿದ್ದ ಪಪೈರಸ್ ಜೊಂಡು ಬೆಳೆಯುತ್ತಿದ್ದುದೂ ಅದೇ ಜವುಗಿನಲ್ಲಿ. ಅದೂ ಆ ನಾಡಿನಿಂದ ಹೆಚ್ಚುಕಡಿಮೆ ಮಾಯವಾಯಿತು. ಬರವಣಿಗೆಯ ದೇವರ ಹಕ್ಕಿಯೂ ಬರವಣಿಗೆಯ ಹಾಳೆಯೂ ಒಂದೇ ಕೆಸರಿನ ಮಕ್ಕಳು, ಕೆಸರು ಹೋದಾಗ ಎರಡೂ ಹೋದವು. ಈಗ ಪವಿತ್ರ ಕೆಂಬರಲು ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಬೇಕಾದಷ್ಟಿದೆ. ತನ್ನನ್ನು ದೇವರೆಂದ ನಾಡಿನಲ್ಲಿ ಅದಕ್ಕೆ ನೆಲೆಯಿಲ್ಲ.

ಇನ್ನು ನಮ್ಮ ಊರಿಗೆ ಬರುತ್ತೇನೆ. ಬೆಂಗಳೂರಿಗೆ ನೈಲಿನಂಥ ದೊಡ್ಡ ನದಿ ಇಲ್ಲ. ಇದ್ದದ್ದು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದ ಕೆರೆಗಳ ಸಾಲು. ಮಡಿವಾಳದ ನೀರು ಅಗರಕ್ಕೆ, ಅಗರದ್ದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಬೇಸಾಯದ ಕೆರೆ ಎಂದರೆ ಒಂದು ಕಡೆ ಏರಿ, ಅದರ ಬಳಿ ಮಾತ್ರ ಆಳ. ಎದುರಿನ ಅಂಗಳ ನಿಧಾನವಾಗಿ ಇಳಿಜಾರು. ಮಳೆಗಾಲದಲ್ಲಿ ನೀರು ಹರಡಿಕೊಳ್ಳುತ್ತದೆ, ಬೇಸಿಗೆಗೆ ಹಿಂದೆ ಸರಿಯುತ್ತದೆ, ಸರಿದ ಜಾಗದಲ್ಲಿ ಹಸಿ ಕೆಸರು ಉಳಿಯುತ್ತದೆ. ನೈಲಿನ ನೆರೆ ದೊಡ್ಡದಾಗಿ ಮಾಡುತ್ತಿದ್ದ ಕೆಲಸವನ್ನೇ ನಮ್ಮ ಕೆರೆಗಳು ಚಿಕ್ಕದಾಗಿ ವರ್ಷ ವರ್ಷವೂ ಮಾಡುತ್ತಿದ್ದವು. ಕೆಂಬರಲು ಇಲ್ಲಿ ಬದುಕಿದ್ದು ಹಾಗೆ.

ನಗರ ಬೆಳೆದ ಮೇಲೆ ಅಂಗಳದ ಇಳಿಜಾರೇ ಮೊದಲು ಒತ್ತುವರಿಯಾಯಿತು. ಬೇಸಿಗೆಯಲ್ಲಿ ನೀರಿಲ್ಲದ ಜಾಗ, ಖಾಲಿ ಸೈಟಿನಂತೆ ಕಾಣುತ್ತದೆ. ಇದನ್ನು ಹಿಮ್ಮೆಟ್ಟಿಸಿದ ಉದಾಹರಣೆಗಳೂ ನಮ್ಮ ಕಡೆ ಇವೆ, ಅವನ್ನು ಸಂತೋಷದಿಂದ ಹೇಳುತ್ತೇನೆ. 2015ರಲ್ಲಿ ಜಿಲ್ಲಾಡಳಿತ ಸಾರಕ್ಕಿ ಕೆರೆಯ ಒತ್ತುವರಿಯನ್ನು ತೆರವು ಮಾಡಿಸಿತು. ಜೆ.ಪಿ. ನಗರ ಏಳನೆಯ ಹಂತದ ಪುಟ್ಟೇನಹಳ್ಳಿ ಕೆರೆ ಬತ್ತಿ ಹಾಳಾಗುತ್ತಿದ್ದಾಗ ಅಕ್ಕಪಕ್ಕದ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ನೋಡಿಕೊಳ್ಳತೊಡಗಿದರು. ಹದಿಮೂರು ಎಕರೆಯ ಪುಟ್ಟ ಕೆರೆ. ಪಕ್ಕದ ವಸತಿ ಸಮುಚ್ಚಯದ ಸಂಸ್ಕರಿಸಿದ ನೀರನ್ನು ಅದಕ್ಕೆ ಹರಿಸಿದರು. ಇವತ್ತು ಅಲ್ಲಿ ನೇರಳೆ ಜಂಬುಕೋಳಿ, ನೀರುಕಾಗೆ, ಬಕಗಳ ಜೊತೆ ಕೆಂಬರಲನ್ನೂ ನೋಡಬಹುದು.

ಆದರೆ ಕೆರೆ ಅಭಿವೃದ್ಧಿ ಎಂಬ ಹೆಸರಿನಲ್ಲಿ ಹಲವೆಡೆ ನಡೆಯುವ ಕೆಲಸ ನನಗೆ ನೋವು ಕೊಡುತ್ತದೆ. ಜೆಸಿಬಿ ಇಳಿಸಿ ಹೂಳೆಲ್ಲ ತೆಗೆಯುತ್ತಾರೆ, ಕೆರೆಯನ್ನು ಎಲ್ಲ ಕಡೆ ಒಂದೇ ಸಮ ಆಳ ಮಾಡುತ್ತಾರೆ, ಸುತ್ತ ಕಡಿದಾದ ಕಲ್ಲಿನ ಕಟ್ಟೆ ಕಟ್ಟಿ ಅದರ ಮೇಲೆ ನಡಿಗೆಯ ಹಾದಿ ಮಾಡುತ್ತಾರೆ. ನೀರು ತುಂಬಿದಾಗ ನೋಡಲು ಚೆಂದ. ಆದರೆ ಕಾಲಿಡಲು ಕೆಂಬರಲಿಗೆ ಒಂದು ಗೇಣು ಜಾಗ ಉಳಿದಿರುವುದಿಲ್ಲ. ಈಜುವ ಹಕ್ಕಿಗೆ, ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಅಂಥ ಕೆರೆ ಸಾಕು. ಕೆಸರು ತಡಕುವ ಹಕ್ಕಿಗೆ ಅದು ಕೆರೆಯೇ ಅಲ್ಲ. ಆಗ ಅದು ಎಲ್ಲಿಗೆ ಹೋಗುತ್ತದೆ? ರಾಜಕಾಲುವೆಯ ಕೊಳಚೆಗೆ, ಕಸದ ರಾಶಿಗೆ. ಇದೂ ಹಳೆಯ ಕಥೆಯೇ. ಎರಡು ಸಾವಿರ ವರ್ಷಗಳ ಹಿಂದೆ ಸ್ಟ್ರಾಬೊ ಎಂಬ ಭೂಗೋಳಶಾಸ್ತ್ರಜ್ಞ ಅಲೆಕ್ಸಾಂಡ್ರಿಯ ನಗರದ ಪ್ರತಿ ನಾಲ್ಕುದಾರಿಯಲ್ಲೂ ಕೆಂಬರಲು ತುಂಬಿವೆ, ಮಾಂಸದಂಗಡಿಯ ಕಸ ತಿಂದು ಉಪಕಾರ ಮಾಡುತ್ತವೆ, ಎಲ್ಲವನ್ನೂ ತಿಂದು ಉಪದ್ರವವನ್ನೂ ಕೊಡುತ್ತವೆ ಎಂದು ಬರೆದಿದ್ದಾನೆ. ಅವನ ನಂತರದ ಗ್ರೀಕ್ ಲೇಖಕ ಪ್ಲುಟಾರ್ಕ್ ಬೇರೆಯೇ ಮಾತು ಹೇಳುತ್ತಾನೆ: ಕೆಂಬರಲು ಕೆಟ್ಟ ನೀರನ್ನು ಮುಟ್ಟುವುದಿಲ್ಲವೆಂದು ನಂಬಿದ್ದ ಪೂಜಾರಿಗಳು ಅದು ಕುಡಿದ ನೀರನ್ನೇ ಶುದ್ಧಿಗೆ ತರುತ್ತಿದ್ದರಂತೆ. ಆ ನಂಬಿಕೆಯನ್ನು ನಮ್ಮ ರಾಜಕಾಲುವೆಗಳ ಬಳಿ ಹೇಳುವಂತಿಲ್ಲ. ಹಕ್ಕಿ ಅಲ್ಲಿದೆ ಎಂದರೆ ನೀರು ಚೆನ್ನಾಗಿದೆ ಎಂದಲ್ಲ, ಅದಕ್ಕೆ ಬೇರೆ ಗತಿಯಿಲ್ಲ ಎಂದು.

ಭಕ್ತಿಯಿಂದ ಹಕ್ಕಿ ಉಳಿಯುವುದೇ ಇಲ್ಲವೆ ಎಂದು ಕೇಳಬಹುದು. ಉಳಿದದ್ದೂ ಉಂಟು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಿಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ, ಹಕ್ಕಿ ಬಂದರೆ ಊರಿಗೆ ಒಳಿತು ಎಂದು ನಂಬುತ್ತಾರೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ಭಕ್ತಿ ಹಕ್ಕಿಯನ್ನು ಹಿಡಿದು ಗುಡಿಗೆ ಒಪ್ಪಿಸಲಿಲ್ಲ. ಅದಕ್ಕೆ ಬೇಕಾದ ಮರವನ್ನು ಕಡಿಯದೆ ಬಿಟ್ಟಿತು. ಹಿಕ್ಕೆ ಹೊಲಕ್ಕೆ ಗೊಬ್ಬರವಾಯಿತು. ಈಜಿಪ್ಟಿನ ಗುಡಿಗಳಿಗಿಂತ ಬೆಳ್ಳೂರಿನ ರೈತರ ನಂಬಿಕೆಯೇ ಮೇಲು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ನಿಮ್ಮ ಬಡಾವಣೆಯ ಕೆರೆಗೆ ಕಾಮಗಾರಿಯ ಯೋಜನೆ ಬಂದಾಗ ನಿವಾಸಿಗಳ ಸಭೆ ಕರೆಯುತ್ತಾರೆ, ನಕ್ಷೆ ತೋರಿಸುತ್ತಾರೆ. ದಯವಿಟ್ಟು ಆ ಸಭೆಗೆ ಹೋಗಿ. ಕಾರಂಜಿ, ಬೆಂಚು, ದೀಪಗಳ ಬಗ್ಗೆ ಕೇಳುವವರು ಬೇಕಾದಷ್ಟು ಜನ ಇರುತ್ತಾರೆ. ನೀವು ಎದ್ದು ನಿಂತು ಕೇಳಬೇಕಾದದ್ದು ಒಂದೇ: ನೀರು ಬರುವ ಕಡೆಯ ಇಳಿಜಾರನ್ನು, ಅಲ್ಲಿನ ಜೊಂಡು ಮತ್ತು ಕೆಸರನ್ನು ಹಾಗೆಯೇ ಬಿಡುತ್ತೀರಾ, ಎಷ್ಟು ಜಾಗ ಬಿಡುತ್ತೀರಿ? ಉತ್ತರವನ್ನು ನಕ್ಷೆಯ ಮೇಲೆ ಗುರುತು ಹಾಕಿಸಿಕೊಂಡೇ ಮನೆಗೆ ಬನ್ನಿ.